ಒಲೆ ಕಾಣದ ಕೊಪ್ಪರಿಗೆ

ಅಮಾವಾಸ್ಯೆಯ ಬೆಳಗ್ಗೆ ನಿಜಲಿಂಗಪ್ಪ ಬಡಾವಣೆಯ ಮಹಿಳಾ ಸಂಘದ ಹಿತ್ತಿಲಲ್ಲಿ ಪಾತ್ರೆ ಉಜ್ಜುವ ಸದ್ದು ಕೇಳಲೇಬೇಕು. ಮೂರು ತಾಮ್ರದ ಕೊಪ್ಪರಿಗೆಗಳು, ಎರಡು ಹಂಡೆಗಳು, ಉದ್ದನೆಯ ಸೌಟುಗಳು ಪಾತ್ರೆ ಕೋಣೆಯಿಂದ ಹೊರಬಂದು ಕಲ್ಲುಹಾಸಿನ ಮೇಲೆ ಸಾಲಾಗಿ ಕೂರುತ್ತವೆ. ಆವರಗೆರೆಯಿಂದ ಬರುವ ಮಾರೆಮ್ಮ ಹೊರಮೈಗೆ ಹುಣಸೆಹಣ್ಣು, ಒಳಮೈಗೆ ಬೂದಿ ಹಾಕಿ ತಿಕ್ಕುತ್ತಾಳೆ. ಅಧ್ಯಕ್ಷೆ ಕಸ್ತೂರಮ್ಮ ಬೀಗದ ಕೈ ಹಿಡಿದು ಕುರ್ಚಿಯಲ್ಲಿ ಕೂತು, ಇಲ್ಲೊಂದು ಕಲೆ ಉಳಿದಿದೆ, ಅಲ್ಲೊಂದು ಕಲೆ ಉಳಿದಿದೆ ಎಂದು ತೋರಿಸುತ್ತಾರೆ. ತಿಕ್ಕಿ ಮುಗಿದ ಮೇಲೆ ಎಲ್ಲವೂ ಮತ್ತೆ ಒಳಗೆ ಹೋಗುತ್ತವೆ, ಬೀಗ ಬೀಳುತ್ತದೆ.

ಆ ಪಾತ್ರೆಗಳಲ್ಲಿ ಕೊನೆಯ ಸಲ ಅಡುಗೆಯಾಗಿ ಹನ್ನೊಂದು ವರ್ಷವಾಗಿತ್ತು. ಇದು ವಿಚಿತ್ರ ಎಂದು ಬಡಾವಣೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಮೂವತ್ತು ವರ್ಷಗಳ ಹಿಂದೆ ಇಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದವು. ಆಗ ಇದ್ದ ಕೆಲವೇ ಮನೆಯವರು ಒಬ್ಬೊಬ್ಬರು ಒಂದೊಂದು ಪಾತ್ರೆ ಕೊಟ್ಟು, ಮೇಲೆ ಹೆಸರು ಕೆತ್ತಿಸಿ, ಸಂಘಕ್ಕೆ ಸೇರಿಸಿದ್ದರು. ಮದುವೆ, ತೊಟ್ಟಿಲು, ಗೃಹಪ್ರವೇಶ, ಏನೇ ಇರಲಿ, ಕೇಳಿಕೊಂಡು ಬಂದವರಿಗೆ ಕಸ್ತೂರಮ್ಮ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಷ್ಟು ಮಂದಿಗೆ ಅಡುಗಿ?" ಉತ್ತರ ಬಂದ ಮೇಲೆ ಅದಕ್ಕೆ ತಕ್ಕ ಕೊಪ್ಪರಿಗೆ ಎಳೆದು ಕೊಡುತ್ತಿದ್ದರು. ಮುಂದೆ ಗುರುತಿಲ್ಲದವರು ಯಾರೋ ಒಯ್ದ ಹಂಡೆಯೊಂದು ತಿರುಗಿ ಬರಲಿಲ್ಲ. ಆಗ ಕಸ್ತೂರಮ್ಮನೇ ನಿಂತು ಗೋಡೆಯ ಮೇಲೆ ಬರೆಸಿದರು: 'ಪಾತ್ರೆಗಳು ಸಂಘದ ಸದಸ್ಯರ ಮನೆಯ ಶುಭಕಾರ್ಯಗಳಿಗೆ ಮಾತ್ರ.' ಆಮೇಲೆ ಕಲ್ಯಾಣ ಮಂಟಪಗಳು ಬಂದವು, ಕೇಟರಿಂಗಿನವರು ಬಂದರು. ಸದಸ್ಯರಿಗೆ ಪಾತ್ರೆ ಬೇಡವಾಯಿತು. ಗೋಡೆಯ ಮೇಲಿನ ಅಕ್ಷರ ಮಾತ್ರ ಗಟ್ಟಿಯಾಗಿ ನಿಂತಿತು.

ಈ ಸಲ ತಿಕ್ಕುವ ಕೆಲಸ ಮುಗಿದ ಮೇಲೂ ಮಾರೆಮ್ಮ ಹೋಗಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂತಳು. ಮಗಳು ಭಾಗ್ಯಲಕ್ಷ್ಮಿಯ ಮದುವೆ ಬಸವ ಜಯಂತಿ ಕಳೆದ ಮೇಲಿನ ಭಾನುವಾರ, ಮನೆಯ ಮುಂದೆಯೇ ಚಪ್ಪರ. ಅದೇ ದಿನ ಊರಿಗೆಲ್ಲ ಮುಹೂರ್ತ. ದಾವಣಗೆರೆಯ ಶಾಮಿಯಾನದ ಅಂಗಡಿಗಳನ್ನೆಲ್ಲ ಸುತ್ತಿ ಬಂದರೂ ಒಂದು ದೊಡ್ಡ ಪಾತ್ರೆ ಸಿಕ್ಕಿರಲಿಲ್ಲ. ಎರಡು ದಿನದ ಮಟ್ಟಿಗೆ ಎರಡು ಕೊಪ್ಪರಿಗೆ ಕೊಟ್ಟರೆ ಮಗಳ ಮದುವೆ ಮಾನದಿಂದ ಆಗುತ್ತದೆ ಎಂದಳು. ಇಷ್ಟು ಹೇಳುವುದಕ್ಕೆ ಅವಳು ಮೂರು ವಾರದಿಂದ ಧೈರ್ಯ ಕೂಡಿಸಿಕೊಂಡಿದ್ದಳು.

ಕಸ್ತೂರಮ್ಮನಿಗೆ ಇರುಸುಮುರುಸಾಯಿತು. "ನೀನು ಸಂಘದ ಸದಸ್ಯೆ ಅಲ್ವಲ್ಲ ಮಾರೆವ್ವ. ಬೇರೆ ಏನಾದ್ರೂ ಕೇಳು. ಹುಡುಗಿಗೆ ಒಂದು ಒಳ್ಳೆ ಸೀರಿ ಕೊಡಸ್ತೀನಿ."

"ಸೀರಿ ಐತ್ರಿ ಅಮ್ಮಾರೆ," ಎಂದಳು ಮಾರೆಮ್ಮ. "ಅನ್ನ ಬೇಯ್ಸಾಕೆ ಪಾತ್ರಿ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಉಜ್ಜಿದ ಕೊಪ್ಪರಿಗೆಗಳನ್ನು ಒಂದೊಂದಾಗಿ ತಾನೇ ಒಳಗಿಟ್ಟು, ಕೈಕಾಲು ತೊಳೆದುಕೊಂಡು ಹೋದಳು. ಕಸ್ತೂರಮ್ಮ ಬೀಗ ಹಾಕಿಕೊಂಡು ಮನೆಗೆ ಬಂದರು.

ಮನೆಯಲ್ಲಿ ಸೊಸೆ ವಾಣಿಗೆ ವಿಷಯ ಹೇಳಿದರು. ಹೇಳಿ ಮುಗಿಸುವ ಮೊದಲೇ ನಿಯಮ ಯಾಕೆ ಬಂತು ಎಂಬುದನ್ನೂ ವಿವರಿಸತೊಡಗಿದರು. ಒಳಗೆ ಅಳುಕಿದ್ದವರಿಗೆ ವಿವರಣೆ ಹೆಚ್ಚು. ವಾಣಿ ವಾದಕ್ಕೆ ನಿಲ್ಲಲಿಲ್ಲ. ಸಂಘದ ಸಭೆಯಲ್ಲಿ ಒಂದು ಮಾತು ಕೇಳಿ ನೋಡಿ ಅತ್ತೆ ಎಂದಳಷ್ಟೆ.

ಸಭೆಯಲ್ಲಿ ಬಾಯಿ ಬಿಟ್ಟು ವಿರೋಧಿಸಿದವರು ಪ್ರೇಮಲತಾ ಒಬ್ಬರೇ. ಮಾರೆಮ್ಮನ ಮೇಲೆ ಅವರಿಗೇನೂ ಮುನಿಸಿರಲಿಲ್ಲ. ಮೂರನೆಯ ಕೊಪ್ಪರಿಗೆಯ ಮೇಲೆ ತೀರಿಹೋದ ಅವರ ಅತ್ತೆಯ ಹೆಸರಿತ್ತು. "ಮದುವಿ ದಿನ ಪಾಯಸ ಮಾಡ್ತಾರೆ, ಸರಿ. ಮರುದಿನ ಬೀಗರೂಟಕ್ಕೆ ಕುರಿ ಬೀಳ್ತೈತೆ. ನಮ್ಮತ್ತಿ ಸಾಯೋತನ ಲಿಂಗಪೂಜೆ ಮಾಡ್ದೆ ನೀರು ಕುಡೀಲಿಲ್ಲ. ಅವ್ರ ಹೆಸರಿನ ಪಾತ್ರ್ಯಾಗೆ ಅದನ್ನ ಬೇಯ್ಸಾಕೆ ನಂಗೆ ಮನಸ್ಸಾಗಂಗಿಲ್ರಿ. ಉಳಿದ ಎರಡು ನಿಮ್ಮ ಇಷ್ಟ." ಆ ಮಾತಿನಲ್ಲಿ ಕಪಟವಿರಲಿಲ್ಲ. ಅತ್ತೆಯನ್ನು ನೆನೆದು ಅವರ ಕಣ್ಣೂ ತುಂಬಿತ್ತು.

ಉಳಿದವರೆಲ್ಲ ಅಧ್ಯಕ್ಷರು ಹೇಳಿದಂತೆ ಎಂದು ಕೈ ತೊಳೆದುಕೊಂಡರು. ಕಸ್ತೂರಮ್ಮ ಒಂದು ಉಪಾಯ ಹುಡುಕಿದರು. ಪಾತ್ರೆಗಳ ಒಳಗೆ ಬಳಿದಿದ್ದ ತವರದ ಕಲಾಯಿ ಹೋಗಿ ತಾಮ್ರ ಕಾಣುತ್ತಿದೆ, ಹಾಗೇ ಅಡುಗೆ ಮಾಡಿದರೆ ಊಟಕ್ಕೆ ಕಿಲುಬು ಹತ್ತುತ್ತದೆ, ಮೊದಲು ಎರಡಕ್ಕೆ ಕಲಾಯಿ ಹಾಕಿಸೋಣ, ಕೊಡುವ ಮಾತು ಆಮೇಲೆ ಎಂದರು. ಕೊಟ್ಟ ಹಾಗೂ ಆಗಲಿಲ್ಲ, ಇಲ್ಲ ಎಂದ ಹಾಗೂ ಆಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ವಾಣಿ ಮನಸ್ಸಿನಲ್ಲೇ ನಕ್ಕಳು.

ಕಲಾಯಿ ಹಾಕುವವರು ಈಗ ಹರಿಹರದಲ್ಲೇ ಸಿಗುವುದು. ಮದುವೆಗೆ ನಾಲ್ಕು ದಿನವಿರುವಾಗ ಎರಡು ಕೊಪ್ಪರಿಗೆಗಳನ್ನು ಟೆಂಪೋಕ್ಕೆ ಹೇರಿಸಿ ಅತ್ತೆ ಸೊಸೆ ಹೊರಟರು. ಅಂಗಡಿ ನಡೆಸುತ್ತಿದ್ದವಳು ಸನೋಬರ್, ಮೂವತ್ತರ ಆಸುಪಾಸಿನ ಹೆಂಗಸು. ತಂದೆಗೆ ಕಣ್ಣು ಮಂಜಾದ ಮೇಲೆ ಬೆಂಕಿಯ ಮುಂದೆ ತಾನೇ ಕೂತಿದ್ದಳು. ಕೊಪ್ಪರಿಗೆಯೊಳಗೆ ಕೈಯಾಡಿಸಿ ನೋಡಿದವಳು ಹುಬ್ಬೇರಿಸಿದಳು.

"ಇದ್ರಾಗೆ ವರ್ಷಗಟ್ಲೆ ಅಡುಗಿನೇ ಮಾಡಿಲ್ಲಲ್ರಿ ಅಮ್ಮಾ?"

ಹೇಗೆ ತಿಳಿಯಿತು ಎಂದು ಕಸ್ತೂರಮ್ಮ ಕೇಳಿದರು.

"ಒಲಿ ಮ್ಯಾಲೆ ಸವೆದ್ರೆ ತಳದಾಗೆ ಮೊದ್ಲು ಹೋಗ್ತೈತೆ. ಇದು ಎಲ್ಲಾ ಕಡಿಗೂ ಒಂದೇ ಸಮ ಹೋಗೈತೆ. ಬರೀ ತಿಕ್ಕಿ ತಿಕ್ಕಿ ಸವೆಸೀರಿ." ಅವಳು ಇದ್ದಿಲಿಗೆ ಗಾಳಿ ಹಾಕುತ್ತಲೇ ಕೇಳಿದಳು: "ಈಗ ಯಾರ ಊಟಕ್ಕೆ ಮಾಡಿಸ್ತೀರಿ? ಸುಮ್ನೆ ಇಡಾಕಾದ್ರೆ ತವರ ತೆಳ್ಳಗೆ ಸಾಕು. ಹುಳಿ, ಸಾರು ಕುದಿಸಾಕಾದ್ರೆ ದಪ್ಪ ಹಾಕ್ಬೇಕು."

ಕೆಲಸಕ್ಕೆ ಬೇಕಾದ ಸಾಧಾರಣ ಪ್ರಶ್ನೆ ಅದು. ಆದರೆ ಕಸ್ತೂರಮ್ಮ ಅದನ್ನೇ ತಮಗೆ ತಾವು ಕೇಳಿಕೊಂಡರು. ಹನ್ನೊಂದು ವರ್ಷ ತಾವು ಈ ಪಾತ್ರೆಗಳನ್ನು ಕಾದದ್ದು ಯಾರ ಊಟಕ್ಕೆ? ಸದಸ್ಯರಿಗೆ ಬೇಕಿರಲಿಲ್ಲ. ಬೇಕಿದ್ದ ಒಬ್ಬಳು ತಿಂಗಳು ತಿಂಗಳು ಬಂದು, ತಿಕ್ಕಿ, ಒಳಗಿಟ್ಟು ಹೋಗುತ್ತಿದ್ದಳು. ಅವರಿಗೆ ನಾಚಿಕೆಯಾಯಿತು.

ಪ್ರೇಮಲತಾ ಹೇಳಿದ ಮಾತೂ ಮನಸ್ಸಿನಲ್ಲಿತ್ತು. ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮುಂದೆ ಬೇರೆ ಅಡುಗೆ ಮಾಡಬಹುದೇ ಎಂದು ಸ್ವಲ್ಪ ಸಂಕೋಚದಿಂದಲೇ ಕೇಳಿದರು. ಸನೋಬರ್ ಗೋಡೆಯ ಪಕ್ಕದ ಸಾಲನ್ನು ತೋರಿಸಿದಳು.

"ಅಲ್ಲಿ ಐತಲ್ರಿ, ಅದು ಬಿರಿಯಾನಿದು. ಅದರ ಬಾಜೂದ್ದು ಮಠದ ದಾಸೋಹದ್ದು. ಎರಡ್ನೂ ಇದೇ ಬೆಂಕ್ಯಾಗೆ ಕೆಂಪಗೆ ಕಾಯಿಸಿ, ಇದೇ ತವರ ಬಳೀತೀನಿ. ಬೆಂಕಿ ಏನೂ ಕೇಳಂಗಿಲ್ಲ ನೋಡ್ರಿ."

ಕಸ್ತೂರಮ್ಮ ನಕ್ಕುಬಿಟ್ಟರು. ಎಷ್ಟೋ ದಿನದ ಮೇಲೆ ಹಗುರಾಗಿ ಬಂದ ನಗು ಅದು. "ದಪ್ಪನೇ ಹಾಕವ್ವ," ಎಂದರು. "ಮದುವಿ ಐತೆ."

ಸಂಜೆ ದಾವಣಗೆರೆ ಮುಟ್ಟಿದಾಗ ಟೆಂಪೋವನ್ನು ಬಡಾವಣೆಗೆ ತಿರುಗಿಸಲು ಕಸ್ತೂರಮ್ಮ ಬಿಡಲಿಲ್ಲ. ಊರು ದಾಟಿಸಿ ನೇರ ಆವರಗೆರೆಗೆ ನಡೆ ಎಂದರು. ಮಾರೆಮ್ಮನ ಮನೆಯ ಮುಂದೆ ಚಪ್ಪರದ ಗಳ ನೆಡುತ್ತಿದ್ದರು. ಬೆಳ್ಳಗೆ ಹೊಳೆಯುವ ಕೊಪ್ಪರಿಗೆಗಳನ್ನು ನೋಡಿ ಮಾರೆಮ್ಮ ಮೊದಲು ಗುರುತು ಹಿಡಿಯಲೇ ಇಲ್ಲ. ವಾಣಿಯ ಕೈ ಹಿಡಿದು ಇಳಿದ ಕಸ್ತೂರಮ್ಮ, ಅಂದು ಹಿತ್ತಿಲಲ್ಲಿ ಕೇಳಬೇಕಾಗಿದ್ದ ಮಾತನ್ನು ಈಗ ಕೇಳಿದರು.

"ಎಷ್ಟು ಮಂದಿಗೆ ಅಡುಗಿ ಮಾರೆವ್ವ?"

ಮಾರೆಮ್ಮ ಹತ್ತಿರ ಬಂದು ಕೊಪ್ಪರಿಗೆಯ ಅಂಚು ಮುಟ್ಟಿ ನೋಡಿದಳು. "ಮುನ್ನೂರು ಆಗ್ತಾರ್ರಿ," ಎಂದಳು. ಆಮೇಲೆ, ಮುಚ್ಚಿಡಬಾರದು ಅನ್ನಿಸಿ, ತಗ್ಗಿದ ದನಿಯಲ್ಲಿ, "ಮರುದಿನ ಬೀಗರೂಟ ಐತ್ರಿ ಅಮ್ಮಾರೆ," ಎಂದಳು.

"ಗೊತ್ತೈತೆ. ಎರಡು ಸಾಲಂಗಿಲ್ಲ. ನೀರಿಗೆ ಹಂಡೆನೂ ಕಳಸ್ತೀನಿ."

ಮದುವೆಗೆ ಬಡಾವಣೆಯಿಂದ ಆರು ಜನ ಹೋಗಿ ಪಾಯಸ ಉಂಡು ಬಂದರು. ಪ್ರೇಮಲತಾ ಹೋಗಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮುಂದಿನ ವಾರ ಗೋಡೆಯ ಬರಹಕ್ಕೆ ಸುಣ್ಣ ಬಿತ್ತು. ಹೊಸದಾಗಿ ಬರೆಯಲು ಕೂತ ವಾಣಿಗೆ ಅತ್ತೆ ಹೇಳಿ ಬರೆಸಿದ್ದು ಇಷ್ಟೇ: 'ಪಾತ್ರೆ ಕೇಳುವವರು ಎಷ್ಟು ಮಂದಿಗೆ ಅಡುಗೆ ಎಂದು ತಿಳಿಸಬೇಕು. ಹೆಸರು, ಊರು ಬರೆಸಬೇಕು. ತೊಳೆದು ಹಿಂದಿರುಗಿಸಬೇಕು.'

ಮತ್ತೆ ಅಮಾವಾಸ್ಯೆ ಬಂತು. ಈ ಸಲ ಕಲ್ಲುಹಾಸಿನ ಮೇಲೆ ಎರಡು ಕೊಪ್ಪರಿಗೆಗಳ ತಳ ಕಪ್ಪಾಗಿತ್ತು. ಎಷ್ಟು ತೊಳೆದರೂ ಹೋಗಲಿಲ್ಲ ಎಂದು ಮಾರೆಮ್ಮ ಬೂದಿ ಹಿಡಿದು ಮತ್ತೆ ಕೂತಳು. ಒಲೆ ಕಂಡ ಪಾತ್ರೆಗೆ ಮಸಿ ಇರುವುದೇ, ಇರಲಿ ಬಿಡು ಎಂದು ಕಸ್ತೂರಮ್ಮ ಅವಳನ್ನು ಎಬ್ಬಿಸಿ, ಪಕ್ಕದ ಕುರ್ಚಿ ತೋರಿಸಿ, ಚಹಾ ಕೊಟ್ಟರು. ಹರಿಹರದ ಕಥೆಯನ್ನು ಮೂರನೆಯ ಸಲ ಹೇಳತೊಡಗಿದರು.

ಪ್ರೇಮಲತಾ ಕೇಳುತ್ತ ನಿಂತಿದ್ದರು. ಎರಡು ಕಪ್ಪು ತಳಗಳ ಪಕ್ಕದಲ್ಲಿ ಅವರ ಅತ್ತೆಯ ಕೊಪ್ಪರಿಗೆ ಒಂದೇ ಮಿರಮಿರ ಮಿಂಚುತ್ತಿತ್ತು. ಅವರು ಬಗ್ಗಿ, ಅತ್ತೆಯ ಹೆಸರಿನ ಮೇಲೆ ಬೆರಳಾಡಿಸಿದರು. ಅತ್ತೆ ಊರಿಗೆಲ್ಲ ಬಡಿಸಿ ಕೊನೆಗೆ ಉಣ್ಣುತ್ತಿದ್ದವರು ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಆಮೇಲೆ ಕಸ್ತೂರಮ್ಮನ ಕಡೆ ತಿರುಗಿದರು.

"ಇನ್ನೊಮ್ಮೆ ಹರಿಹರಕ್ಕೆ ಹೋದ್ರೆ ಇದನ್ನೂ ಒಯ್ರಿ. ತವರ ದಪ್ಪ ಹಾಕಾಕೆ ಹೇಳ್ರಿ."