ಪುಸ್ತಕ ಹೊಡ್ಕೊಂಡು ಬರೋ ಮೇಷ್ಟ್ರು

"ಮೇಷ್ಟ್ರು ಕೋಟಾಕವ್ರೆ ಅಂದ್ಮೇಲೆ ಇವತ್ತು ಸನಿವಾರ ಕಣ್ಲಾ. ಪುಸ್ತಕ ಒಡ್ಕೊಂಡ್ ಬರಕ್ಕೆ ಪಟ್ಣಕ್ಕೆ ವೊಂಟವ್ರೆ!" ಎಂದು ಪಾಂಡವಪುರದ ಆ ಬೀದಿಯ ಜಗಲಿಗಳು ನಗೆಯಾಡುತ್ತಿದ್ದವು. ಎಮ್ಮೆ ತಪ್ಪಿಸಿಕೊಂಡವನು ಎಮ್ಮೆ ಹುಡುಕುತ್ತಾನೆ, ಕುರಿ ತಪ್ಪಿಸಿಕೊಂಡವನು ಕುರಿ ಹುಡುಕುತ್ತಾನೆ. ತಾನು ಬರೆದ ಪುಸ್ತಕವನ್ನು ಬೇರೆಯವರ ಹೊಲದಿಂದ ಎಬ್ಬಿಸಿ ಅದರ ಕೊಟ್ಟಿಗೆಗೆ ಸೇರಿಸಲು ವಾರವಾರವೂ ಶ್ರೀರಂಗಪಟ್ಟಣದ ಬಸ್ಸು ಹತ್ತುತ್ತಿದ್ದ ಮನುಷ್ಯ ಆ ಸೀಮೆಯಲ್ಲಿ ಮರಿಯಯ್ಯ ಮೇಷ್ಟ್ರು ಒಬ್ಬರೇ.

ಕೋಟೆಂದರೆ ಕರಿಯ ಉಣ್ಣೆಯ ಕೋಟು. ಚೈತ್ರದ ಬಿಸಿಲು ನೆತ್ತಿ ಸುಡುತ್ತಿದ್ದರೂ ಅದರ ಒಂದು ಗುಂಡಿಯೂ ಬಿಚ್ಚುತ್ತಿರಲಿಲ್ಲ. ಚಾಕ್‌ಪೀಸಿನ ಚೂರು, ಅಡಿಕೆ ಕತ್ತರಿ, ಬೀಗದ ಕೈ ಎಲ್ಲವೂ ಬಲಜೇಬಿನಲ್ಲೇ ಸೇರಿ ಆ ಕಡೆಯ ಭುಜ ತುಸು ಇಳಿದು, ನಡಿಗೆಗೆ ಕಾವಡಿ ಹೊತ್ತವನ ಓಲಾಟ ಬಂದಿತ್ತು. ಮಾತಿಗೆ ಮೊದಲು ತೋರುಬೆರಳೆತ್ತಿ "ವಸಿ ತಡೀರಿ" ಅನ್ನುವುದು ರೂಢಿ. ಶಾಲೆಯ ಮಕ್ಕಳಿಗೂ ಅದೇ, ತನಿಖೆಗೆ ಬಂದ ಸಾಹೇಬರಿಗೂ ಅದೇ; ಒಮ್ಮೆ ಹರಿಕಥೆಯ ನಡುವೆ ದಾಸರನ್ನೂ ಹಾಗೆ ತಡೆದು ನಿಲ್ಲಿಸಿದ್ದರಂತೆ.

ನಾಗಮಂಗಲದ ಕಡೆಯ ದೇವಲಾಪುರದ ಒಣಭೂಮಿಯಲ್ಲಿ, ಊರಾಚೆಯ ಕೇರಿಯಲ್ಲಿ ಹುಟ್ಟಿದವರು ಅವರು. ಕಾಲುವೆ ನೀರಿನ ಸೀಮೆಗೆ ಮೇಷ್ಟ್ರಾಗಿ ಬಂದರೂ, ಕಬ್ಬಿನ ಹಸಿರಿನ ನಡುವೆ ಕೂತು ಬರೆದದ್ದೆಲ್ಲ ತೊಗರಿ ಹೂವಿನ ಹಳದಿಯನ್ನು, ಹೊಲದ ಮೇಲೆ ಹಾದುಹೋಗುವ ಮೋಡಗಳ ನೆರಳನ್ನು, ಹೆಂಡತಿ ಸೋಮಮ್ಮನ ಬೈಗುಳದ ಸೊಬಗನ್ನು. ತೊಂಬತ್ತರ ದಶಕದ ಆರಂಭದಲ್ಲಿ ಆ ಕವಿತೆಗಳು ಪುಸ್ತಕವಾದವು. ಶ್ರೀರಂಗಪಟ್ಟಣದಲ್ಲಿ ಸಂಘವೊಂದು ನಡೆಸುತ್ತಿದ್ದ ಗ್ರಂಥಾಲಯ ಅದನ್ನು ಕೊಂಡಿತೆಂದು ಕೇಳಿ, ಸೋಮಮ್ಮ ಮದುವೆಮನೆಗೆ ಉಡುವ ಸೀರೆಯುಟ್ಟು ಗಂಡನೊಡನೆ ನೋಡಲು ಹೊರಟರು.

ಕವಿತೆಯ ಬೀರುವಿನಲ್ಲಿ ಪುಸ್ತಕವಿರಲಿಲ್ಲ. ಗ್ರಂಥಪಾಲಕ ತಿಮ್ಮರಾಜು ಸಂಭ್ರಮದಿಂದಲೇ ಅವರನ್ನು ಮೂಲೆಯ ಬೀರುವಿನ ಬಳಿಗೆ ಕರೆದೊಯ್ದರು. 'ದಲಿತರ ಸಮಸ್ಯೆಗಳು' ಎಂಬ ಚೀಟಿಯ ಕೆಳಗೆ, ಪಾನನಿರೋಧದ ಕೈಪಿಡಿಗೂ ಕುಡಿಯುವ ನೀರಿನ ವರದಿಗೂ ನಡುವೆ, ಮೇಷ್ಟ್ರ ತೊಗರಿ ಹೂವು ಒತ್ತರಿಸಿಕೊಂಡು ನಿಂತಿತ್ತು.

"ಏನ್ರೀ, ನನ್ ಮೇಲೆ ಬರ್ದಿರದೆಲ್ಲ ಸಮಸ್ಯೆ ಅಂತ್ಲಾ?" ಎಂದರು ಸೋಮಮ್ಮ.

"ವಸಿ ತಡಿಯಮ್ಮಿ. ನೀನು ಸಮಸ್ಯೆ ಅನ್ನದು ದಿಟ. ಆದ್ರೆ ನಮ್ಮನೆ ಸಮಸ್ಯೆ, ಬೀರುಗೆ ಆಕಂಗಿಲ್ಲ." ಮೇಷ್ಟ್ರು ತಿಮ್ಮರಾಜುವಿನತ್ತ ತಿರುಗಿದರು. "ಪುಸ್ತಕ ಓದಿದ್ರಾ ಸಾರ್?"

"ಇಂದ್ಗಡೆ ರಟ್ಟಲ್ಲಿ ನಿಮ್ ಪರಿಚಯ ಓದ್ದೆ ಮೇಷ್ಟ್ರೇ. ಇಲ್ಲಿದ್ರೆ ಕಾಲೇಜು ಉಡುಗ್ರು ಪರೀಕ್ಷೆಗೆ ಅಂತ ನೋಡ್ತಾರೆ. ಗೌರವುಕ್ಕೇ ಇಟ್ಟಿವ್ನಿ."

"ಪುಸ್ತಕಕ್ಕೆ ನಂಬರ್ ಆಕಿ ಅಂದ್ರೆ ನನಗಾಕ್ಬುಟ್ರಲ್ಲ ಸಾರ್!"

ಅಂದಿನಿಂದ ಶುರುವಾಯಿತು. ಶನಿವಾರ ಮಧ್ಯಾಹ್ನ ಮೇಷ್ಟ್ರು ಬಂದು ಪುಸ್ತಕವನ್ನು ಕವಿತೆಯ ಬೀರುವಿಗೆ ಒಯ್ಯುವರು. ವಾರದೊಳಗೆ ತಿಮ್ಮರಾಜು ಪುಸ್ತಕದ ಬೆನ್ನಿಗಂಟಿಸಿದ ಚೀಟಿಯಲ್ಲಿ ವಿಷಯದ ನಂಬರು ನೋಡಿ ಅದನ್ನು ಮೂಲೆಗೆ ಮರಳಿಸುವರು. ಜಗಳವಿಲ್ಲ, ಕದನವಿಲ್ಲ, ಇಬ್ಬರೂ ಒಟ್ಟಿಗೇ ಟೀ ಕುಡಿಯುವರು.

ಸಂಘದ ಅಧ್ಯಕ್ಷ ಕರಿಯಪ್ಪಗೌಡರ ಕಿವಿಗೆ ಇದು ಬಿತ್ತು. ಗೌಡರು ಕೆಟ್ಟವರಲ್ಲ. "ಯಾಕ್ ಮೇಷ್ಟ್ರೇ ಈ ವಯಸ್ಸಲ್ಲಿ ಓಡಾಟ? ನಿಮ್ಮೋರ್ ಬರ್ದಿರ ಪದ್ಯಗಿದ್ಯ ಎಲ್ಲಾ ಸೇರ್ಸಿ ಒಂದ್ ವೊಸ ಬೀರು ಮಾಡುಸ್ತೀವಿ, ಗಾಜಿಂದು. ನೀವೇ ಬಂದು ಟೇಪ್ ಕತ್ತರ್ಸಿ. ಶಾಲು ಒದ್ದುಸ್ತೀವಿ" ಎಂದರು.

ಬೆರಳು ಮೇಲೆದ್ದಿತು. "ವಸಿ ತಡೀರಿ ಗೌಡ್ರೇ. ಊರಾಚೆ ಕೇರೀಲಿ ಉಟ್ಟಿ ಬೆಳ್ದೋನು ನಾನು. ಗಾಜಿಂದಾದ್ರೂ ಕೇರಿ ಕೇರೀನೇ. ನನ್ ಪುಸ್ತಕ ಊರೊಳ್ಗೇ ಇರ್ಲಿ."

ಗೌಡರ ಮುಖ ಕೆಂಪೇರಿತು. ಮರುವಾರ ಬೀರುಗಳಿಗೆಲ್ಲ ಬೀಗ ಬಿತ್ತು. ಕೋಟಿನ ಮನುಷ್ಯ ಬರುವುದನ್ನು ಬಿಡಲಿಲ್ಲ. ಮಧ್ಯಾಹ್ನದಿಂದ ಬಾಗಿಲು ಮುಚ್ಚುವ ತನಕ ಕವಿತೆಯ ಬೀರುವಿನೆದುರು ಬೆಂಚಿನ ಮೇಲೆ, ಮದುವೆ ಮಾತುಕತೆಗೆ ಬಂದ ಬೀಗರಂತೆ ನೆಟ್ಟಗೆ ಕೂತಿರುತ್ತಿದ್ದರು. ಕಡೆಗೊಂದು ದಿನ ತಿಮ್ಮರಾಜುವಿಗೆ ಹೇಳಿದರು: "ಮನೆಗೆ ತಕ್ಕೊಂಡೋಗಿ ಓದಿ. ಸಮಸ್ಯೆ ಸಿಕ್ಕುದ್ರೆ ಅಲ್ಲೇ ಮಡಗಿ. ನಾನು ಇತ್ಲಾಗ್ ತಲೆ ಆಕಲ್ಲ."

ತಿಮ್ಮರಾಜು ಅದನ್ನು ಮನೆಗೊಯ್ದು ಗಟ್ಟಿಯಾಗಿ ಓದಿದರು. ಅವರೆಕಾಯಿ ಬಿಡಿಸುತ್ತ ಕೂತಿದ್ದ ಮಡದಿ ಪುಟ್ಟಲಕ್ಷ್ಮಮ್ಮ ಸೋಮಮ್ಮನ ಬೈಗುಳಕ್ಕೆ ಕಣ್ಣಲ್ಲಿ ನೀರು ಬರುವಂತೆ ನಕ್ಕು, "ಇದ್ಯಾವ್ ಸಮಸ್ಯೆ ಬುಡಿ, ನಾನೇ ದಿನಾ ನಿಮಗೆ ಬೈಯದು ಇದು!" ಎಂದರಂತೆ. ಮಾರನೆಯ ದಿನ ತಿಮ್ಮರಾಜು ಬ್ಲೇಡಿನಿಂದ ಹಳೆಯ ಚೀಟಿ ಹೆರೆದು, ಹೊಸ ನಂಬರು ಬರೆದು, ಪುಸ್ತಕವನ್ನು ಕವಿಗಳ ಸಾಲಿನಲ್ಲಿ ನಿಲ್ಲಿಸಿದರು. ಗೌಡರು ಕೇಳಿದಾಗ ಕೊಟ್ಟದ್ದು ಒಂದೇ ಉತ್ತರ: "ಈ ಸಲ ಓದಿ ಆಕಿವ್ನಿ, ಗೌಡ್ರೇ."

ಇನ್ನು ಮೇಷ್ಟ್ರ ಕೋಟು ಗೂಟ ಸೇರಿತೆಂದೇ ಬೀದಿಯವರು ತಿಳಿದರು. ಬಂದ ಶನಿವಾರವೂ ಅವರು ಹೊರಟಿದ್ದರು! ಮೂಲೆಯ ಬೀರುವಿನಲ್ಲಿ, ಅದೇ ಚೀಟಿಯ ಕೆಳಗೆ, ಕೇರಿಯ ಹೆಣ್ಣುಮಗಳೊಬ್ಬಳ ಕಾದಂಬರಿಯಿತ್ತು, ಯಾರದೋ ನಕ್ಷತ್ರಗಳ ಪುಸ್ತಕವಿತ್ತು, ಅಡುಗೆಯದಿತ್ತು. ಒಂದೊಂದಾಗಿ ತೋರಿಸಿ ಕೇಳುವರು: "ಇದ ಓದಿದ್ರಾ?" ತಿಮ್ಮರಾಜು ಓದುವರು, ಬ್ಲೇಡು ತೆಗೆಯುವರು. ಹೀಗೆ ವರ್ಷಗಟ್ಟಲೆ ನಡೆದು, ಆ ಬೀರುವಿನಲ್ಲಿ ನಿಜವಾದ ಸಮಸ್ಯೆಗಳಷ್ಟೇ ಉಳಿಯತೊಡಗಿದವು.

ಹಠಮಾರಿಗಳೆಂದು ಲೋಕ ಕರೆಯುವ ಇಂಥವರು ಕೇಳುವುದು ತಮ್ಮದೇ ಆದ ಒಂದಿಷ್ಟು ಜಾಗವನ್ನು ಮಾತ್ರವೆಂದು ನಾವು ಭ್ರಮಿಸುತ್ತೇವೆ. ಒಳಗೆ ಜಾಗ ಸಿಕ್ಕ ಮೇಲೂ ಕೂರದೆ, ಹಿಂದೆ ಬರುವವರಿಗಾಗಿ ಬಾಗಿಲು ಹಿಡಿದೇ ನಿಂತಿರುವ ಕುಲ ಅದು.

ದಶಕದ ಕೊನೆಯಲ್ಲಿ, ಎದೆನೋವೆಂದು ಅವರನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಲು ಕಾರು ಬಂದು ನಿಂತಿತು. ಅಂದು ದಾಟಿದ ಮನೆಯ ಹೊಸ್ತಿಲನ್ನು ಅವರು ಮತ್ತೆ ಒಳಮುಖವಾಗಿ ದಾಟಲಿಲ್ಲ. ಕೋಟಿಗೆ ಕೈ ಚಾಚಿದ್ದು ಕಂಡು ಸೋಮಮ್ಮ ಗದರಿದರು: "ಇವತ್ತು ಬುದ್ವಾರ ಕಣ್ರೀ. ಆಸ್ಪತ್ರೆಗ್ಯಾಕೆ ಕೋಟು?"

"ವಸಿ ತಡಿಯಮ್ಮಿ. ಕಾರು ಪಟ್ಣದ್ ಮೇಲೇ ತಾನೆ ವೋಗದು? ಆ ಎಣ್ಮಗಳ ವೊಸ ಕಾದಂಬರಿ ಇನ್ನೂ ಮೂಲೇಲೇ ಅದೆ."

ಗುಂಡಿಗಳನ್ನೆಲ್ಲ ಹಾಕಿಕೊಂಡು, ಬಲಭುಜ ಇಳಿಸಿ, ಓಲಾಡುತ್ತ ಮೆಟ್ಟಿಲಿಳಿದರು.