ಹಿಂದುಗಡೆಯ ಮದ್ದು

ಅಂದಾನಯ್ಯನಿಗೆ ಮೂರ್ಛೆ ಬಂದರೆ ಸುಲಭಕ್ಕೆ ಬಿಡುತ್ತಿರಲಿಲ್ಲ. ಅದಕ್ಕೇ ಪಾಂಡವಪುರದ ಡಾಕ್ಟರಮ್ಮ ಅವನ ಹೆಂಡತಿ ಪ್ರೇಮಮ್ಮನಿಗೆ ಒಂದು ಉಪಾಯ ಕಲಿಸಿದ್ದರು: ಐದು ನಿಮಿಷವಾದರೂ ನಿಲ್ಲದಿದ್ದರೆ, ಸೂಜಿಯಿಲ್ಲದ ಸಿರಿಂಜಿನಲ್ಲಿ ಮದ್ದು ಎಳೆದು ಹಿಂದುಗಡೆಯಿಂದ ಹಾಕಬೇಕು.

"ಬಾಯಿಗೆ ಆಕುದ್ರೆ ಆಗಾಕಿಲ್ವಾ?" ಎಂದು ಅಂದಾನಯ್ಯ ಕೇಳಿದ್ದ. ಸೆಳೆತದಲ್ಲಿ ಬಾಯಿಗೆ ಹಾಕಿದರೆ ಉಸಿರು ಕಟ್ಟುತ್ತದೆ ಎಂದಿದ್ದರು ಡಾಕ್ಟರಮ್ಮ. ಕ್ಯಾತನಹಳ್ಳಿಯ ಡೇರಿ ಅಧ್ಯಕ್ಷನಿಗೆ ಇದು ಮರ್ಯಾದೆಯ ಪ್ರಶ್ನೆ. "ಜನದ ಮುಂದೆ ಅಂಗೇನಾದ್ರೂ ಮಾಡುದ್ರೆ ನಿನ್ ಕೂಡೆ ಮಾತಾಡಕಿಲ್ಲ ಕಣಮ್ಮಿ" ಎಂದು ಹೆಂಡತಿಗೆ ಹೇಳಿಟ್ಟಿದ್ದ.

ಮಗಳು ಸುಧಳನ್ನು ನೋಡಲು ನಾಗಮಂಗಲದ ಗಂಡಿನವರು ಮೆಟಡೋರಿನಲ್ಲಿ ಬಂದ ದಿನವೇ ಮೂರ್ಛೆ ಬಂತು. ಜಗಲಿಯಲ್ಲಿ ಕೂತು ಗಂಡಿನ ತಂದೆ ದ್ಯಾವಯ್ಯನೆದುರು ತನ್ನ ಸೀಮೆಹಸುವನ್ನು ಹೊಗಳುತ್ತಿದ್ದ ಅಂದಾನಯ್ಯ ಮಾತಿನ ನಡುವೆಯೇ ಉರುಳಿದ.

ಪ್ರೇಮಮ್ಮ ಅವನನ್ನು ಮಗ್ಗುಲಿಗೆ ತಿರುಗಿಸಿ, ತಲೆಯಡಿ ಟವಲ್ಲು ಇಟ್ಟಳು. ದ್ಯಾವಯ್ಯ ಅವನ ಕೈಗಿಡಲು ಬೀಗದ ಕೈ ಗೊಂಚಲು ಹಿಡಿದು ಮುಂದೆ ಬಂದ.

"ಅದು ಜೇಬಲ್ಲಿರ್ಲಿ ಅಣ್ಣ. ಗಡಿಯಾರ ನೋಡ್ಕಂಡು ನಿಮಿಷ ಯೋಳಿ."

"ಮೂರು... ನಾಕು..." ದ್ಯಾವಯ್ಯ ಗಡಿಯಾರದಿಂದ ಕಣ್ಣು ಕೀಳದೆ ಎಣಿಸಿದ. "ಐದಾಯ್ತು ಕಣವ್ವ."

ಪ್ರೇಮಮ್ಮನಿಗೆ ಗಂಡನ ಮಾತು ನೆನಪಾಯಿತು. ಮಾತಾಡದಿದ್ದರೆ ಬೇಡ, ಬದುಕಿದ್ದರೆ ಸಾಕು ಎಂದುಕೊಂಡಳು.

"ಎಲ್ರೂ ಎದ್ದು ಈ ಜಮಖಾನ ಎತ್ತಿ ಇಡ್ಕಳಿ. ಮಕ ಆ ಕಡೀಕೆ."

ಗಂಡಿನ ಕಡೆಯ ಒಂಬತ್ತು ಜನ ತಾವು ಕೂತಿದ್ದ ಜಮಖಾನವನ್ನು ಮರೆಯಾಗಿ ಹಿಡಿದು ಬೀದಿಗೆ ಮುಖಮಾಡಿ ನಿಂತರು. ಸುಧ ಸಿರಿಂಜು ತಂದುಕೊಟ್ಟಳು. ಪ್ರೇಮಮ್ಮ ಪಂಚೆ ಸರಿಸಿ ಮದ್ದು ಹಾಕಿ, ಅದು ಹೊರಬರದಂತೆ ಎರಡೂ ಕಡೆಯಿಂದ ಒತ್ತಿಹಿಡಿದಳು.

"ನಾವಿನ್ನೂ ಇಡ್ಕಂಡಿರಬೇಕಾ?" ದ್ಯಾವಯ್ಯ ಅತ್ತಲಿಂದ ಕೇಳಿದ.

"ನಾನು ಬುಡೋಗಂಟ ನೀವೂ ಬುಡಬ್ಯಾಡಿ."

ನಾಲ್ಕು ನಿಮಿಷದಲ್ಲಿ ಸೆಳೆತ ನಿಂತಿತು. ಗಂಡಿನವರ ಮೆಟಡೋರಿನಲ್ಲೇ ಎಲ್ಲರೂ ಪಾಂಡವಪುರದ ಆಸ್ಪತ್ರೆಗೆ ಹೋದರು. ಎಚ್ಚರವಾದ ಅಂದಾನಯ್ಯ ಮೊದಲು ಪಂಚೆ ಮುಟ್ಟಿ ನೋಡಿಕೊಂಡ.

"ಯಾರ್ಯಾರು ನೋಡುದ್ರು?"

"ಯಾರೂ ಇಲ್ಲ. ಬೀಗರೇ ಮರೆ ಇಡ್ಕಂಡಿದ್ರು."

ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಹೆಣ್ಣು ನೋಡುವ ಶಾಸ್ತ್ರ ವಾರ್ಡಿನ ಹೊರಗಿನ ಬೆಂಚಿನಲ್ಲಿ ಮುಂದುವರಿಯಿತು. ನಡುವೆ ದ್ಯಾವಯ್ಯ ಪ್ರೇಮಮ್ಮನನ್ನು ಪಕ್ಕಕ್ಕೆ ಕರೆದ. "ನಮ್ಮ ಅತ್ತಿಗೆ ಬೈರಮ್ಮಂಗೂ ಇಂಗೇ ಬತ್ತದೆ. ಒಸಿ ಯೋಳ್ಕೊಡವ್ವ."

"ಮದ್ದು ಎಷ್ಟು ಅಂತ ಡಾಕ್ಟರಮ್ಮನೇ ಯೋಳಬೇಕು. ಮಲಗ್ಸಿ ಇಡ್ಕಳದು ಮಾತ್ರ ನಾ ತೋರುಸ್ತೀನಿ" ಎಂದ ಪ್ರೇಮಮ್ಮ, ಗಂಡಿನವರೇ ತಂದಿದ್ದ ಪರಂಗಿ ಹಣ್ಣನ್ನು ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿಸಿದಳು. ದ್ಯಾವಯ್ಯ ಬಲು ಗೌರವದಿಂದ ಅದಕ್ಕೆ ತನ್ನ ಟವಲ್ಲು ಹೊದಿಸಿದ.

ಸುಧ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ಗಂಡು ಲೋಕೇಶ ಆಗ ತಲೆಯೆತ್ತಿ ಅವಳನ್ನು ನೋಡಿದ.