ಭಾವನ ಭಟ್ಟಿಗೆ ಮೊದಲ ಸ್ಥಾನ

ಊರಿನ ನಲವತ್ತು ಕಾರ್ಖಾನೆಗಳಲ್ಲಿ ಯಾವುದು ಎಷ್ಟು ಗಾಳಿ ಕೆಡಿಸುತ್ತದೆಂದು ಅಳೆದು ಪಟ್ಟಿ ಮಾಡುವುದು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಅವಳ ಕೆಲಸ. ಅಕ್ಕನ ಗಂಡನ ಸುಣ್ಣದ ಭಟ್ಟಿಯೇ ಮೊದಲು ಬಂತು. ಇನ್ನು ತನಗೆ ಅಕ್ಕನ ಮನೆ ಬಾಗಿಲು ಮುಚ್ಚಿದಂತೆಯೇ. ಮೂರು ಸಲ ಅಳೆದಳು. ಹೊಗೆ ನೆಂಟಸ್ತಿಕೆ ನೋಡಲಿಲ್ಲ.

ಪಟ್ಟಿ ಹೊರಬಿದ್ದ ಮರುದಿನ ಭಾವ ಹೂಗುಚ್ಛ ಹಿಡಿದು ಕಚೇರಿಗೇ ಬಂದರು.

"ನಲವತ್ತರಲ್ಲಿ ನಾವೇ ಫಸ್ಟಂತೆ! ನಮ್ಮ ಹುಡುಗಿ ಅಂದ್ರೆ ನೀನು ಕಣಮ್ಮ."

"ಭಾವ, ಅದು ಹೊಗೆ ಉಗುಳೋದ್ರಲ್ಲಿ ಫಸ್ಟು. ಸೋಸೋ ಯಂತ್ರ ಹಾಕೋವರೆಗೂ ಭಟ್ಟಿ ಮುಚ್ಚಬೇಕು."

ಜನ್ಮದಲ್ಲಿ ಮೊದಲ ಬಾರಿಗೆ ಭಾವನಿಗೆ ವಿನಯ ಬಂತು.

"ಅಷ್ಟು ದೊಡ್ಡ ಸ್ಥಾನ ನಮಗ್ಯಾಕಮ್ಮ? ಇಪ್ಪತ್ತನೇದು ಕೊಡು, ಸಾಕು."

"ನಿಮ್ಮ ಸ್ವಂತ ದುಡಿಮೆ ಭಾವ, ನಾನು ಕೊಟ್ಟಿದ್ದಲ್ಲ," ಎನ್ನುತ್ತ ಅವಳು ಭಟ್ಟಿ ಮುಚ್ಚುವ ನೋಟಿಸನ್ನು ಮುಂದಿಟ್ಟಳು.